ಐದನೆಯ ವಚನ ಅವರ ಪಾಲಿನದು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ಎದ್ದು ನಿಂತು ಕನಸಿನಲ್ಲಿ ಬೆಳಕು ಕಂಡೆ ಎನ್ನುತ್ತಾರೆ, ಇನ್ನೊಬ್ಬರು ಖಾಲಿ ಸಿಲಿಂಡರು ಅಡುಗೆ ಮುಗಿಯುವವರೆಗೆ ಉರಿಯಿತು ಎನ್ನುತ್ತಾರೆ, ಉಳಿದವರು ಕಣ್ಣು ಮುಚ್ಚಿ ಸ್ತೋತ್ರ ಎನ್ನುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು ಚಹಾ ಯಾವಾಗ ಬರುತ್ತದೋ ಎಂದು ಬಾಗಿಲ ಕಡೆ ನೋಡುತ್ತಿದ್ದವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಲೆಕ್ಕ ಕೂಡದಿದ್ದರೆ ನನಗೆ ಸಿಟ್ಟು ಬರುತ್ತದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಓದುವವರು ನಕ್ಕರೆ ನಗಲಿ. ಆದರೆ ದಯವಿಟ್ಟು ಇದನ್ನು ಯಾರೂ ಕೂಟದವರಂತೆ ‘ಸಾಕ್ಷಿ’ ಎಂದು ಕರೆಯಬೇಡಿ. ಆ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ನನ್ನ ಯಜಮಾನರು ರೈಲ್ವೆಯಲ್ಲಿ ನೌಕರಿಗಿದ್ದು, ದಿನಾ ಹುಬ್ಬಳ್ಳಿಗೆ ಹೋಗಿ ಬಂದು ಆಯುಷ್ಯ ಸವೆಸಿದವರು. ಭಾನುವಾರ ಚರ್ಚಿನಲ್ಲಿ ವೇದಪಾಠ ಓದುವುದು ಅವರೇ. ಅವರ ದನಿ ಕೇಳಿದರೆ ಮೈಕು ಕೆಟ್ಟರೂ ಚಿಂತೆಯಿಲ್ಲ ಎಂದು ಜನ ಹೇಳುತ್ತಿದ್ದರು.

ಸಂಜೆ ಊಟಕ್ಕೆ ಮೊದಲು ಮನೆಯಲ್ಲಿ ಸತ್ಯವೇದದ ಒಂದು ಕೀರ್ತನೆ ಓದುವುದು ನಮ್ಮ ರೂಢಿ. ಚರ್ಚಿನಲ್ಲಿ ಪಾಸ್ಟರು ಒಂದು ವಚನ ಓದಿ, ಸಭೆಯವರು ಮುಂದಿನದನ್ನು ಓದುತ್ತಾರಲ್ಲ, ಹಾಗೆ ಮನೆಯಲ್ಲಿ ನಾವಿಬ್ಬರು. ಒಂದು, ಮೂರು, ಐದು ಅವರ ಪಾಲು. ಎರಡು, ನಾಲ್ಕು, ಆರು ನನ್ನವು. ಮದುವೆಯಾದ ಹೊಸದರಲ್ಲಿ ಹಾಗೆ ಕೂತವರು ಮುಂದೆ ಎಂದೂ ಬದಲಿಸಲಿಲ್ಲ. ನಡುವೆ ಒಲೆಯ ಮೇಲಿನ ಹಾಲು ಉಕ್ಕಿತೆಂದು ನಾನು ಎದ್ದು ಓಡಿದರೆ, ಅವರು ನನ್ನ ವಚನದ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು.

“ನೀವ ಓದಿ ಮುಗಿಸಬಾರದೇನ್ರಿ?” ಎಂದು ನಾನು ಅಡುಗೆಮನೆಯಿಂದಲೇ ರೇಗುತ್ತಿದ್ದೆ.

“ನಿನ್ನ ಪಾಲಿಂದು ನಾ ಹ್ಯಾಂಗ ಓದ್ಲಿ? ಬಾ, ಕಾಯ್ತೀನಿ,” ಎನ್ನುತ್ತಿದ್ದರು.

ಧ್ಯಾನ ಎಂದರೆ ಅವರಿಗೆ ಪ್ರಾಣ. ನಾನು ವರ್ಷಕ್ಕೊಮ್ಮೆ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವವಳು, ಸಿಲೆಬಸ್ ಮುಗಿಸಿದ ಹಾಗೆ. ಅವರು ಒಂದೇ ವಚನ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ರೈಲಿನಲ್ಲಿ ಅದೇ, ಸ್ನಾನದಲ್ಲಿ ಅದೇ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದೇ. ಎಮ್ಮೆ ಮೆಲುಕು ಹಾಕಿದಂತೆ ಇದೇನು ಎಂದು ನಾನು ಆಡಿಕೊಂಡರೆ ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. “ಎಮ್ಮಿ ಬರೇ ಮೇಯ್ಕೋತ ಹೋದ್ರ ಹಾಲು ಎಲ್ಲಿಂದ ಬರಬೇಕು? ಕುಂತು ಮೆಲಕ ಹಾಕಬೇಕು,” ಎನ್ನುತ್ತಿದ್ದರು. ಆ ಸಮಾಧಾನ ನೋಡಿ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಅಂಥ ಮನುಷ್ಯನಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಶೂ ಲೇಸು ಕಟ್ಟುತ್ತ ಹಾಗೇ ಪಕ್ಕಕ್ಕೆ ವಾಲಿದರು. ಹುಬ್ಬಳ್ಳಿಯ ವಿದ್ಯಾನಗರದ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ನೀರು ಬೇಕಾದರೂ ‘ಬ’, ನೋವಾದರೂ ‘ಬ’. ನಮ್ಮ ಮಾತು ಅವರಿಗೆ ತಿಳಿಯುತ್ತಿತ್ತು. ಅದೇ ದೊಡ್ಡ ಶಿಕ್ಷೆ. ಹೇಳಲು ಹೋಗಿ, ಬಾರದೆ, ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು.

ನನ್ನ ದುಃಖ ಅತ್ತು ಹಗುರಾಗುವ ಜಾತಿಯದಲ್ಲ, ಅದು ಸಿಟ್ಟಾಗಿಬಿಟ್ಟಿತು. ಯಾರ ಮೇಲೆ ಎಂದರೆ ನೇರವಾಗಿ ದೇವರ ಮೇಲೆಯೇ. ಅವನ ವಾಕ್ಯವನ್ನು ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಸಾಕಿದವರ ಬಾಯನ್ನೇ ಕಿತ್ತುಕೊಂಡನಲ್ಲ. ಸುಳ್ಳು ಹೇಳುವವರು, ಚಾಡಿ ಹೇಳುವವರು, ಸಭೆಯ ಚುನಾವಣೆಯಲ್ಲಿ ಬಾಯಿಗೆ ಬಂದಂತೆ ಬೈದಾಡುವವರು ಎಲ್ಲರ ನಾಲಿಗೆಯೂ ಗಟ್ಟಿಯಾಗಿತ್ತು. ನಾನು ಸಂಜೆಯ ಓದನ್ನು ಬಿಡಲಿಲ್ಲ, ಆದರೆ ನನ್ನ ವಚನಗಳನ್ನು ಮಾತ್ರ ಓದತೊಡಗಿದೆ. ಎರಡು ಓದುತ್ತಿದ್ದೆ, ಮೂರು ಬಿಡುತ್ತಿದ್ದೆ, ನಾಲ್ಕು ಓದುತ್ತಿದ್ದೆ. ಅವರ ವಚನ ಬಂದಲ್ಲಿ ಅದನ್ನು ಓದುವಷ್ಟು ಹೊತ್ತು ಸುಮ್ಮನಿರುತ್ತಿದ್ದೆ. ಅರ್ಥ ತುಂಡುತುಂಡಾಗುತ್ತಿತ್ತು. ಆಗಲಿ ಎಂದೇ ಮಾಡುತ್ತಿದ್ದೆ. ಪಾಸ್ಟರು ಒಮ್ಮೆ ಬಂದು ಕೇಳಿ, ಎರಡೂ ಪಾಲು ನೀವೇ ಓದಿರಮ್ಮ ಎಂದರು. “ಅವರ ಪಾಲು ಕಸಗೊಂಡಾವನ ಓದ್ಲಿ ಬಿಡ್ರಿ,” ಎಂದೆ.

ಆ ದಿನ ನಡೆದದ್ದು ಹೀಗೆ.

ಬೆಳಿಗ್ಗೆ ಯಾವುದೋ ಪ್ರಾರ್ಥನಾ ತಂಡದವರು ಮನೆಗೆ ಬಂದರು. ನಮ್ಮ ಸಭೆಯವರಲ್ಲ. ಪರಿಚಯದ ಹೆಂಗಸೊಬ್ಬಳು ಕರೆತಂದಿದ್ದಳು, ಬಾಗಿಲಿಗೆ ಬಂದವರನ್ನು ಹೇಗೆ ಕಳಿಸುವುದೆಂದು ಒಳಗೆ ಬಿಟ್ಟೆ. ಬಿಳಿ ಅಂಗಿಯ ಒಬ್ಬ ‘ಬ್ರದರ್’ ಅವರ ಮುಖಂಡ. ಮೊದಲು ಹಾಡಿದರು, ಆಮೇಲೆ ಕೂಗಿ ಕೂಗಿ ಪ್ರಾರ್ಥಿಸಿದರು. ಆಮೇಲೆ ಆ ಬ್ರದರ್ ನನ್ನ ಯಜಮಾನರ ಗದ್ದ ಹಿಡಿದು “ಹೇಳ್ರಿ ಅಂಕಲ್, ಹಲ್ಲೆಲೂಯ ಅನ್ರಿ, ವಿಶ್ವಾಸ ಇಟ್ಟು ಒಮ್ಮಿ ಅನ್ರಿ,” ಎಂದು ಶುರು ಮಾಡಿದ. ಇವರು ಪ್ರಯತ್ನಿಸಿದರು. ಕತ್ತಿನ ನರ ಉಬ್ಬಿದವು. ‘ಬ’ ಎಂದಿತು ಬಾಯಿ, ಜೊಲ್ಲು ಅಂಗಿಯ ಮೇಲೆ ಇಳಿಯಿತು. ಇವರ ಕಣ್ಣಲ್ಲಿ ನೀರು. ಅವನು ಗದ್ದ ಬಿಡಲಿಲ್ಲ. ಕೊನೆಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ.

“ಸಿಸ್ಟರ್, ಈ ಮನ್ಯಾಗ ಯಾರದೋ ಅವಿಶ್ವಾಸ ಅಡ್ಡ ನಿಂತೈತಿ,” ಎಂದ.

“ಖರೇ ಹೇಳಿದ್ರಿ. ಅಡ್ಡ ನಿಂತಾಕಿ ನಾನ,” ಎಂದೆ. “ಈಗ ಬಾಗಲಾ ಬಿಟ್ಟು ಸರದು ನಿಲ್ತೀನಿ. ನೀವೆಲ್ಲಾರೂ ಹೊರಗ ನಡೀರಿ.”

ಅವರು ಹೋದರು. ನಾನು ಯಜಮಾನರ ಮುಖ ಒರೆಸಿ, ಅಂಗಿ ಬದಲಿಸಿ ನಡುಮನೆಯ ಮಂಚದಲ್ಲಿ ಮಲಗಿಸಿದೆ. ಅವರು ನನ್ನನ್ನು ನೋಡಲಿಲ್ಲ. ಆ ಬ್ರದರನ ಕಪಾಳಕ್ಕೆ ಎರಡು ಬಿಗಿಯಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಶಾಂತವ್ವ ಬಂದಳು. ನಮ್ಮದೂ ಅವಳದೂ ಜಾತಿ, ಧರ್ಮ ಬೇರೆ. ಅವಳು ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವಳಲ್ಲ. ಆದರೆ ಆಸ್ಪತ್ರೆಯಿಂದ ಬಂದಾಗಿನಿಂದ ನಮ್ಮ ಮನೆಯ ಒಲೆ ಆರದಂತೆ ನೋಡಿಕೊಂಡವಳು ಅವಳು. ನಾನು ರೊಟ್ಟಿ ಬಡಿಯಲು ಕೂತೆ, ಅವಳು ಬೇಯಿಸಲು ನಿಂತಳು. ಕರೆಂಟು ಹೋಗಿತ್ತು. ಫ್ಯಾನಿಲ್ಲ, ಮೇಲಿನ ಕೋಣೆಯ ಬಾಡಿಗೆ ಹುಡುಗರ ಹಾಡಿಲ್ಲ, ಓಣಿಯೆಲ್ಲ ಸದ್ದಡಗಿತ್ತು.

“ಅಕ್ಕಾರ, ಸಿಟ್ಟು ಹಿಟ್ಟಿನ ಮ್ಯಾಲೆ ತಗೀಬ್ಯಾಡ್ರಿ, ರೊಟ್ಟಿ ಹರೀತೈತಿ,” ಎಂದಳು ಶಾಂತವ್ವ.

ನಾನು ಒಳಗೊಳಗೇ ದೇವರ ಜೊತೆ ಜಗಳಕ್ಕೆ ನಿಂತಿದ್ದೆ. ಜಗಳಕ್ಕೆ ನನ್ನ ಮಾತು ಸಾಲಲಿಲ್ಲ. ಆಗ ಒಂದು ಕೀರ್ತನೆ ನೆನಪಿಗೆ ಬಂತು. ಚಿಕ್ಕದು, ಆರೇ ವಚನ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ, ಎಷ್ಟು ದಿನ ಮುಖ ಮುಚ್ಚಿಕೊಂಡಿರುತ್ತೀ ಎಂದು ದೇವರನ್ನೇ ದಬಾಯಿಸುವ ಕೀರ್ತನೆ. ಲಕ್ವಾ ಹೊಡೆದ ಮೇಲೆ ನಾವು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಅದು ಬಂದಾಗಲೆಲ್ಲ ನಾನೇ ಪುಟ ದಾಟಿಸುತ್ತಿದ್ದೆ. ಆ ಮಧ್ಯಾಹ್ನ ಅದನ್ನು ಮನಸ್ಸಿನಲ್ಲೇ ಹಿಡಿದೆ. ಒಂದೊಂದೇ ಮಾತು, ರೊಟ್ಟಿಯ ಒಂದೊಂದು ಬಡಿತಕ್ಕೆ. ಹಿಂದೆ ಹೋಗಿ ಮತ್ತೆ ಅದನ್ನೇ ಹೇಳಿದೆ. ಯಜಮಾನರು ಜೀವನವಿಡೀ ಮಾಡಿದ್ದನ್ನು ನಾನು ಅಂದು ಮೊದಲ ಸಲ ಮಾಡಿದೆ, ಅದೂ ಭಕ್ತಿಯಿಂದಲ್ಲ. ಹೀಗೆ ಮೆಲುಕು ಹಾಕಿದರೆ ಆ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಂದೇ ತಿಳಿದದ್ದು. ದೂರು ಹೇಳುತ್ತಿರುವುದು ಯಾವ ಕಾಲದ ಯಾರೋ ಅಲ್ಲ, ನಾನೇ ಎನಿಸಿತು.

ನಾಲ್ಕನೆಯ ವಚನದವರೆಗೆ ದೂರು. ಸಿಟ್ಟಿನ ಭರದಲ್ಲಿ ಅವರ ಪಾಲಿನ ಒಂದು, ಮೂರನ್ನೂ ನಾನೇ ಹೇಳಿಬಿಟ್ಟಿದ್ದೆ. ಐದರಲ್ಲಿ ಆ ಕೀರ್ತನಕಾರ ಇದ್ದಕ್ಕಿದ್ದ ಹಾಗೆ ತಿರುಗಿಬಿಡುತ್ತಾನೆ: ನಾನಾದರೋ ನಿನ್ನ ಪ್ರೀತಿಯನ್ನೇ ನಂಬಿದ್ದೇನೆ ಎನ್ನುತ್ತಾನೆ. ನಾನು ಅಲ್ಲಿ ನಿಂತೆ. ಮರೆತು ನಿಂತದ್ದಲ್ಲ. ಇದು ಅವರ ಪಾಲಿನ ವಚನ, ನಾನು ಹೇಳುವುದಿಲ್ಲ, ನಿನ್ನ ಕೈಲಾದರೆ ಅವರ ಬಾಯಿಂದ ಹೇಳಿಸು ನೋಡೋಣ ಎಂದೆ. ಬಾಯಿಬಿಟ್ಟು ಅಲ್ಲ, ಮನಸ್ಸಿನಲ್ಲಿ. ರೊಟ್ಟಿ ಬಡಿಯುತ್ತಿದ್ದ ಕೈಯೂ ನಿಂತಿತು.

ನಡುಮನೆಯಿಂದ ದನಿ ಬಂತು.

ಐದನೆಯ ವಚನ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ತೊದಲಿಲ್ಲದೆ, ಭಾನುವಾರ ಚರ್ಚಿನಲ್ಲಿ ಓದುವಾಗಿನ ಅದೇ ತುಂಬಿದ ದನಿ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲೇ ತೆಗೆದುಕೊಂಡರು.

ಹಿಟ್ಟಿನ ಕೈಯಲ್ಲೇ ಓಡಿದೆ. ಅವರು ದಿಂಬಿಗೆ ಒರಗಿ ಬಾಗಿಲ ಕಡೆ ನೋಡುತ್ತಿದ್ದರು. ಎದುರಿಗೆ ಪುಸ್ತಕವಿರಲಿಲ್ಲ. ಎಡಗೈಯ ತೋರುಬೆರಳನ್ನು ಹಾಸಿಗೆಯ ಮೇಲೆ ಒತ್ತಿ ಇಟ್ಟಿದ್ದರು. ನನ್ನ ವಚನ ಬಂದಾಗ ಪುಟದ ಮೇಲೆ ಇಡುತ್ತಿದ್ದ ಹಾಗೆಯೇ. ನನಗೆ ತಿಳಿಯಿತು. ಆರನೆಯದು ನನ್ನದು, ಅದನ್ನು ಅವರು ಕಾಯುತ್ತಿದ್ದರು.

ಆರನೆಯ ವಚನದಲ್ಲಿ ಏನಿದೆ ಗೊತ್ತೇ? ನಾನು ಹಾಡುವೆನು, ಏಕೆಂದರೆ ಅವನು ನನಗೆ ಒಳ್ಳೆಯದನ್ನು ಮಾಡಿದ್ದಾನೆ ಎಂಬ ಮಾತಿದೆ. ಒಳ್ಳೆಯದು? ಆ ಬಿದ್ದ ಕೈಯನ್ನು, ವಾಲಿದ ತುಟಿಯನ್ನು ಎದುರಿಗಿಟ್ಟುಕೊಂಡು ನಾನು ಅದನ್ನು ಹೇಳಬೇಕಿತ್ತು. ಬಾಯಿ ತೆರೆದೆ. ಆಗಲಿಲ್ಲ. ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ, ಅಷ್ಟೇ. ಅವರು ಬಹಳ ಹೊತ್ತು ಕಾದರು. ಮುಖದಲ್ಲಿ ಬೇಸರವಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿದರು, ಬೆರಳು ಮಾತ್ರ ಅಲ್ಲೇ ಇತ್ತು.

“ಅಣ್ಣಾರು ಮಾತಾಡಿದ್ರಲ್ರಿ,” ಎಂದು ಶಾಂತವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಮನೆಯೆಲ್ಲ ಹೊಗೆಯಾಗಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಮಾತು ಹೋದವರೂ ಕೆಲವೊಮ್ಮೆ ಹಾಡು, ಶ್ಲೋಕ, ಬಾಯಿಪಾಠದ ಸಾಲು ಹೇಳುವುದುಂಟು, ಅವು ಮಿದುಳಿನಲ್ಲಿ ಬೇರೆ ದಾರಿಯಿಂದ ಬರುತ್ತವೆ ಎಂದರು. ಒಪ್ಪಿದೆ. ಆದರೆ ಸರ್, ಇಷ್ಟೆಲ್ಲ ಬಾಯಿಪಾಠವಿದ್ದವರಿಗೆ ಅದೇ ಕೀರ್ತನೆ ಯಾಕೆ, ಅದರಲ್ಲೂ ಐದೇ ಯಾಕೆ, ನಾನು ನಿಂತ ಕ್ಷಣವೇ ಯಾಕೆ ಎಂದೆ. “ನೀವು ಗೊತ್ತಿಲ್ದ ಗುನುಗಿರಬೇಕ್ರಿ ಮೇಡಮ್,” ಎಂದರು. ಮನೆಗೆ ಬಂದು ಶಾಂತವ್ವನನ್ನು ಕೇಳಿದೆ. “ಎಲ್ಲೀದ್ರಿ ಗುನುಗೂದು, ಹಲ್ಲು ಕಚಗೊಂಡು ಕುಂತಿದ್ರಿ. ನನ್ನ ಮ್ಯಾಲೆ ಸಿಟ್ಟಾಗೀರಿ ಅಂತ ನಾ ಅಂಜಿದ್ದೆ,” ಎಂದಳು.

ಸುದ್ದಿ ಹೇಗೋ ಹಬ್ಬಿತು. ಆ ಬಿಳಿ ಅಂಗಿಯ ಬ್ರದರ್ ಮತ್ತೆ ಬಂದ. ತನ್ನ ಪ್ರಾರ್ಥನೆಯ ಫಲವಂತೆ. ಗಬ್ಬೂರ ಬೈಪಾಸಿನ ಹತ್ತಿರ ದೊಡ್ಡ ಕೂಟ ಇಟ್ಟಿದ್ದಾರಂತೆ, ಗಾಲಿಕುರ್ಚಿಯಲ್ಲಿ ಅಂಕಲನ್ನು ವೇದಿಕೆಗೆ ಕರೆತಂದು ನಾನು ಸಾಕ್ಷಿ ಹೇಳಬೇಕಂತೆ, ವಿಡಿಯೋ ಮಾಡುತ್ತಾರಂತೆ. ಈ ಸಲ ನಾನು ಬಾಗಿಲನ್ನೇ ತೆರೆಯಲಿಲ್ಲ. ಕಿಟಕಿಯಿಂದ ಏನು ಹೇಳಿದೆನೋ ಅದನ್ನು ಇಲ್ಲಿ ಬರೆಯುವುದು ಬೇಡ.

ಯಜಮಾನರು ಮತ್ತೆ ಮಾತಾಡಲಿಲ್ಲ. ಮುಂದೆಯೂ ‘ಬ’ ಒಂದೇ. ಸಂಜೆಯ ಓದು ನಡೆದೇ ಇತ್ತು. ಒಮ್ಮೊಮ್ಮೆ ಅವರೇ ಎಡಗೈಯಿಂದ ಪುಟ ತಿರುವಿ ಆ ಕೀರ್ತನೆ ತೆಗೆದು, ಆರನೆಯ ವಚನದ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದರು. “ಇವತ್ತ ಬ್ಯಾಡ್ರಿ, ನಾಳಿ ನೋಡೂಣು,” ಎನ್ನುತ್ತಿದ್ದೆ. ತಲೆಯಾಡಿಸಿ ಪುಸ್ತಕ ಮುಚ್ಚುತ್ತಿದ್ದರು. ಹಾಗೆ ನಾಳೆ ನಾಳೆ ಎನ್ನುತ್ತಿರುವಾಗಲೇ ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋದರು.

ನಮ್ಮಲ್ಲಿ ಸಮಾಧಿಯ ಕಲ್ಲಿನ ಮೇಲೆ ಒಂದು ವಚನ ಕೆತ್ತಿಸುತ್ತಾರೆ. ನಾನು ಐದನೆಯದನ್ನು ಕೆತ್ತಿಸಿದೆ. ಅದರ ಕೆಳಗೆ ಖಾಲಿ ಬಿಡು ಎಂದೆ. ಕಲ್ಲು ಕೆತ್ತುವವನಿಗೆ ಅರ್ಥವಾಗಲಿಲ್ಲ. “ಇಷ್ಟ್ ಜಾಗಾ ಸುಮ್ನ ಯಾಕ ಬಿಡಸ್ತೀರಿ ಬಾಯಾರ?” ಎಂದು ಕೇಳಿದ. ಅದು ನನ್ನ ಪಾಲಿನದು ಎಂದೆ.

ಅಂದು ನಡೆದದ್ದೇನು ಎಂದು ನನಗೆ ಇನ್ನೂ ತಿಳಿದಿಲ್ಲ. ಲೆಕ್ಕ ಕೂಡಿಲ್ಲ. ದೇವರ ಮೇಲಿನ ಸಿಟ್ಟೂ ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಅದೂ ಸುಳ್ಳೇ. ಆದರೆ ದಿನಾ ಸಂಜೆ ಆ ಪುಟ ತೆಗೆಯುತ್ತೇನೆ. ಅಂದಿನ ಹಾಗೆ ಅವರ ಪಾಲನ್ನೂ ಸೇರಿಸಿ ನಾಲ್ಕರವರೆಗೆ ಬಾಯಿಬಿಟ್ಟು ಓದುತ್ತೇನೆ. ಐದರಲ್ಲಿ ಸುಮ್ಮನಾಗಿ ಕಿವಿ ಕೊಡುತ್ತೇನೆ. ಆಮೇಲೆ ಆರರ ಮೇಲೆ ಬೆರಳಿಟ್ಟು ಕೂರುತ್ತೇನೆ. ನಾನು ಅದನ್ನು ಇನ್ನೂ ಓದಿಲ್ಲ. ಅವರು ನನ್ನ ಪಾಲನ್ನು ತಾವು ಓದಿದವರಲ್ಲ, ಕಾಯುವವರು.