ಸ್ವಿಚ್ಚಿಗೆ ಸಣ್ಣ ಕಾಯಿ ಹಾಕಿ ನೋಡಿ

ನನ್ನ ಸೊಸೆ ಸುಧಾ ಸೋತು ಬಂದದ್ದು ಅವಳ ಸ್ವಿಚ್ ಕೆಟ್ಟದ್ದು ಅಂತಲ್ಲ, ಬಾಯಿ ಕಟ್ಟಿಹೋದದ್ದರಿಂದ. ಮಿಕ್ಕಿದ್ದೆಲ್ಲ ನೆವ.

ಸ್ವಿಚ್ ಅಂದರೆ ಗೋಡೆಯ ಮೇಲಿನ ಲೈಟಿನದ್ದಲ್ಲ. (ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ಅಷ್ಟೇ.) ಹತ್ತಾರು ಕಂಪ್ಯೂಟರಿನ ವೈರುಗಳನ್ನೆಲ್ಲ ತಂದು ಸಿಕ್ಕಿಸುವ ಒಂದು ಚಪ್ಪಟೆ ಡಬ್ಬ. ಒಂದು ಕಂಪ್ಯೂಟರು ಇನ್ನೊಂದಕ್ಕೆ ಏನು ಕಳಿಸಿದರೂ ಇದರ ಮೂಲಕವೇ ಹೋಗಬೇಕು. ಅರಸೀಕೆರೆಯ ನಮ್ಮ ಎಸ್‌ಟಿಡಿ ಬೂತನ್ನು ಸುಧಾ ಬ್ರೌಸಿಂಗ್ ಸೆಂಟರ್ ಮಾಡಿದ ಮೇಲೆ ಈ ಡಬ್ಬದ ಹೆಸರು ಮನೆಮಾತಾಗಿದೆ.

ಬೇಲೂರಿನ ಕಡೆ ಒಂದು ಕಾಲೇಜಿನವರು ಕಂಪ್ಯೂಟರ್ ಲ್ಯಾಬ್ ಮಾಡುತ್ತಿದ್ದಾರೆ. ವೈರು ಎಳೆದು ಡಬ್ಬ ಕೂರಿಸುವ ಕೆಲಸಕ್ಕೆ ಇಬ್ಬರು ಮುಂದೆ ಬಂದರು: ಸುಧಾ, ಮತ್ತು ಹಾಸನದ ಒಬ್ಬ. ಸೆಂಟರಿನ ಹೊರಗೆ ಅವಳಿಗೆ ಸಿಗಬಹುದಾದ ಮೊದಲ ದೊಡ್ಡ ಕೆಲಸ. ಕೈತಪ್ಪಿದರೆ ಮತ್ತೆ ಹುಡುಗರ ಬಯೋಡೇಟಾ ಪ್ರಿಂಟ್ ಹಾಕಿಕೊಂಡು ಕೂರಬೇಕು.

ಆ ಕಾಲೇಜಿನ ಕಮಿಟಿಯಲ್ಲಿ ಕೂತವರೆಲ್ಲ ಕೊಬ್ಬರಿ ಮಂಡಿಯವರು. ಅವರ ಪರೀಕ್ಷೆ ಹೇಗಿತ್ತು ಗೊತ್ತೇ? ಒಂದು ಇಡೀ ಸಿನಿಮಾವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿ ಕೈಗಡಿಯಾರ ನೋಡಿದರು. ಲಾರಿಯಿಂದ ಮೂಟೆ ಇಳಿಸುವುದನ್ನು ನೋಡಿದ ಹಾಗೆ! ಎರಡು ಡಬ್ಬಗಳೂ ಒಂದೇ ಹೊತ್ತಿಗೆ ಇಳಿಸಿದವು. ಹಾಸನದವನದ್ದು ಅಗ್ಗ. ಮುಗಿಯಿತು.

“ಎರಡೂ ಒಂದೇ ಅಲ್ವೇನಮ್ಮ?” ಎಂದರಂತೆ ಅಧ್ಯಕ್ಷರು. ಇವಳು ಗಾಬರಿಯಲ್ಲಿ ಪ್ಯಾಕೆಟ್ಸ್ ಪರ್ ಸೆಕೆಂಡ್, ವೈರ್ ಸ್ಪೀಡ್ ಎಂದು ಇಂಗ್ಲಿಷ್ ಸುರಿದಳಂತೆ. ಅವರು ಮುಖ ಮುಖ ನೋಡಿಕೊಂಡರು. “ನಾಳೆ ಮಧ್ಯಾಹ್ನ ತೀರ್ಮಾನ ಮಾಡ್ತೀವಿ. ಏನಾದ್ರೂ ಹೇಳೋದಿದ್ರೆ ಅಷ್ಟ್ರೊಳಗೆ ಹೇಳಿ” ಎಂದರು. ಇವಳು “ಸರಿ ಸರ್” ಎಂದು ಬಸ್ಸು ಹತ್ತಿದಳು.

ಸರಿ ಸರ್! ಯಾವುದು ಸರಿ?

ಸಂಜೆ ಹಿತ್ತಲಲ್ಲಿ ಮುಖ ಊದಿಸಿಕೊಂಡು ಕೂತಿದ್ದವಳ ಹತ್ತಿರ ಹೋದೆ.

“ಅಳಾದಿದ್ರೆ ಆಮೇಲ್ ಅಳೀವಂತೆ. ಮೊದ್ಲು ನಂಗೆ ತಿಳಿಯಂಗೆ ಹೇಳೇ. ಆ ಡಬ್ಬ ಏನ್ ಕೆಲ್ಸ ಮಾಡ್ತೈತೆ?”

“ನಿಮಗ್ಯಾಕತ್ತೆ ಅದೆಲ್ಲ?”

“ಮಂಡಿಯೋರಿಗೆ ತಿಳೀಲಿಲ್ಲ. ನಂಗೆ ತಿಳಿಯಂಗೆ ಹೇಳುದ್ರೆ ಅವ್ರಿಗೂ ತಿಳೀತೈತೆ. ಅವ್ರಿಗಿಂತ ನಾನೇನ್ ಬುದ್ಧಿವಂತೆ ಅಲ್ಲ.”

ಹೇಳಿದಳು. ಕಂಪ್ಯೂಟರು ಏನನ್ನೂ ಇಡಿಯಾಗಿ ಕಳಿಸುವುದಿಲ್ಲವಂತೆ. ಕತ್ತರಿಸಿ ಪೊಟ್ಟಣ ಕಟ್ಟುತ್ತದೆ. ಪ್ರತಿ ಪೊಟ್ಟಣದ ಮೇಲೂ ವಿಳಾಸ. ಡಬ್ಬ ಒಂದೊಂದರ ವಿಳಾಸವನ್ನೂ ನೋಡಿ ಸರಿಯಾದ ವೈರಿಗೆ ದಾಟಿಸಬೇಕು.

“ದೊಡ್ಡ ಪೊಟ್ಟಣ ಬಂದ್ರೆ ಕಷ್ಟ ಅಲ್ವೇನೇ ಅದಕ್ಕೆ?”

“ಅಲ್ಲೇ ಅತ್ತೆ ಎಲ್ರೂ ತಪ್ಪೋದು! ದೊಡ್ಡದಾದ್ರೂ ಚಿಕ್ಕದಾದ್ರೂ ವಿಳಾಸ ಓದೋ ಕೆಲ್ಸ ಒಂದೇ. ದೊಡ್ಡವಾದ್ರೆ ಸ್ವಲ್ಪಕ್ಕೇ ವೈರು ತುಂಬೋಗುತ್ತೆ. ಚಿಕ್ಕವಾದ್ರೆ ರಾಶಿ ರಾಶಿ ಬರ್ತವೆ. ಕೈಲಾಗದ ಡಬ್ಬ ಆಗ ಪೊಟ್ಟಣ ಕೈಬಿಡುತ್ತೆ.”

ಇದು ನನಗೆ ತಿಳಿಯದ ವಿಷಯವೇ? ಅಟ್ಟದಿಂದ ಒಣಗಿದ ತೆಂಗಿನಕಾಯಿ ಇಳಿಸಿ ಸುಲಿಸುವಾಗ ಸುಲಿಯುವವರ ಕೆಲಸವನ್ನು ಯಾರಾದರೂ ತೂಗುತ್ತಾರೆಯೇ? ಎಣಿಸುತ್ತಾರೆ. ಕಾಯಿ ದಪ್ಪವಿರಲಿ, ಸಣ್ಣದಿರಲಿ, ನೆಟ್ಟ ಹಾರೆಗೆ ಒಂದೊಂದನ್ನೂ ಕುಕ್ಕಿ ತಿರುಚಲೇಬೇಕು. ಸಣ್ಣ ಕಾಯಿಯ ರಾಶಿ ಬಿದ್ದ ದಿನ ಸುಲಿಯುವವರ ಮುಖ ನೋಡಬೇಕು. ಮೂಟೆ ತುಂಬುವುದಿಲ್ಲ, ರಟ್ಟೆ ಮಾತ್ರ ಸೋಲುತ್ತದೆ.

“ಹಂಗಾದ್ರೆ ನಿನ್ ಡಬ್ಬಕ್ಕೆ ಸಣ್ಣ ಕಾಯಿ ಹಾಕಿ ಎಣಿಸ್ಬೇಕು” ಎಂದೆ.

ಅವಳಿಗೆ ನಗು ಬಂತು. “ಅದನ್ನೇ ಅಲ್ವಾ ಅತ್ತೆ ನಾನು ಇಂಗ್ಲಿಷಲ್ಲಿ ಬಡ್ಕೊಂಡಿದ್ದು! ಎಲ್ಲಾ ವೈರಿಂದಾನೂ ಒಂದೇ ಸಲ ಅತಿ ಚಿಕ್ಕ ಪೊಟ್ಟಣ ಬಿಡ್ಬೇಕು. ಒಂದೂ ಕಳೀದಂಗೆ ಸೆಕೆಂಡಿಗೆ ಎಷ್ಟು ದಾಟಿಸ್ತು ಅಂತ ಎಣಿಸ್ಬೇಕು. ವೈರು ತಂದು ಸುರಿದಷ್ಟನ್ನೂ ದಾಟಿಸಿದ್ರೆ ಗಟ್ಟಿ ಡಬ್ಬ.”

“ಮತ್ತೆ ಅವ್ರು ಸಿನಿಮಾ ಕಳ್ಸಿದ್ದು?”

“ಎರಡೇ ವೈರು. ಎಲ್ಲಾ ದಪ್ಪ ಕಾಯಿ.”

“ನಿಂದು ತಡ್ಕೊಂತೈತಾ?”

“ಸೆಂಟರಲ್ಲಿ ಹಾಕಿ ನೋಡೇ ತಗೊಂಡಿದ್ದು.”

“ಅವನ್ದು?”

“ಗೊತ್ತಿಲ್ಲ. ಹಾಕಿ ನೋಡ್ಲಿ ಅಂತಾನೇ ನಾನು ಹೇಳೋದು.”

ನ್ಯಾಯವಾದ ಮಾತು. ಆದರೆ ನಾವು ನೋಡುವುದು ಹಾಗಲ್ಲವಲ್ಲ! ಹೆಣ್ಣು ಕೊಡುವಾಗ ಗಂಡಿಗೆ ತೋಟವೆಷ್ಟು, ಕೆಲಸವೇನು ಎಂದು ಕೇಳುತ್ತೇವೆ. ಸಾರಿಗೆ ಉಪ್ಪು ಕಮ್ಮಿಯಾದ ದಿನ ಅವನು ಏನು ಮಾಡುತ್ತಾನೆ ಎಂದು ಯಾರಾದರೂ ವಿಚಾರಿಸಿದ್ದೀರಾ? ಬಾಳುವುದು ಮಾತ್ರ ಆ ಉಪ್ಪಿನ ಜೊತೆ.

“ಈಗ ನಂಗ್ ಹೇಳಿದ್ದನ್ನೇ ಬೆಳಿಗ್ಗೆ ಹೋಗಿ ಅವ್ರಿಗೆ ಹೇಳು” ಎಂದೆ.

“ಹೆಂಗತ್ತೆ ಹೋಗ್ಲಿ? ತಿಂಡಿ ಆಗ್ಬೇಕು, ಪಾಪುಗೆ ಜಡೆ ಹಾಕಿ ಸ್ಕೂಲಿಗೆ ಬಿಡ್ಬೇಕು, ನೀರು ಹಿಡೀಬೇಕು, ಇವ್ರ ಊಟದ ಡಬ್ಬಿ...” ನನ್ನ ಕಡೆ ತಿರುಗಿದಳು. “ನೀವೂ ಬರ್ತೀರಾ ಅತ್ತೆ? ನೀವು ಹೇಳಿದ್ರೆ ಕೇಳ್ತಾರೆ.”

“ನಾನ್ಯಾಕೆ? ಕೆಲ್ಸ ಮಾಡಾಳು ನೀನು. ಬಾಯಿ ನಂದಾ?”

ಬೆಳಿಗ್ಗೆ ಅವಳು ರೊಟ್ಟಿಗೆ ಹಿಟ್ಟು ಕಲಸಲು ಕೂತಾಗ ಪಾತ್ರೆ ಕಿತ್ತುಕೊಂಡೆ. ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಮೊದಲ ಬಸ್ಸಿಗೆ, ಕಂಕುಳಲ್ಲಿ ಸ್ವಿಚ್ ಡಬ್ಬದ ಸಮೇತ, ಅವಳನ್ನು ಹತ್ತಿಸಿ ಬಂದೆ. ಮೊಮ್ಮಗಳಿಗೆ ಜಡೆ ಸೊಟ್ಟಗೆ ಹಾಕಿದೆ, ರೊಟ್ಟಿ ಸೀಯಿಸಿದೆ. ಎಲ್ಲರೂ ತಿಂದರು, ಯಾರಿಗೇನಾಯಿತು?