ಕರಿಬಸಮ್ಮ ಆರಿಸಿದ ದೀಪ

ಹೊನ್ನಾಳಿಯ ಹೊಳೆದಂಡೆಯ ಬಡಾವಣೆಯಲ್ಲಿ ಇಂದು ಹರಿಗೋಲಿನ ಮಾತೆತ್ತಿದರೆ ಜನ ನಗುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಚೆ ದಂಡೆಯ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಆಗ ಈ ಬಡಾವಣೆಯಲ್ಲಿ ಮನೆಗಳಿಗಿಂತ ಜಾಲಿಗಿಡಗಳೇ ಹೆಚ್ಚು. ಅಂಬಿಗ ಓಬಳಪ್ಪ ನಮ್ಮನ್ನು ಹೊಳೆ ದಾಟಿಸುತ್ತಿದ್ದನು. ಸಂಜೆಯಾದರೆ ಅವನ ಹೆಂಡತಿ ಕರಿಬಸಮ್ಮ ಹರಿಗೋಲು ಕಟ್ಟುವ ಕಟ್ಟೆಯ ಮೇಲೆ ಬೆಂಕಿ ಹಾಕಿ ಕೂರುವಳು. ಅದನ್ನು ನೋಡಿಕೊಂಡೇ ಅವನು ದಡ ಸೇರಬೇಕು. ಹರಿಗೋಲನ್ನು ಮೇಲೆಳೆಯುವವರೆಗೆ ಬೆಂಕಿ ಆರಬಾರದು. ಅದು ಅವರ ಮನೆತನದ ಕಟ್ಟಳೆ.

ಕಟ್ಟೆಯಿಂದ ಸ್ವಲ್ಪ ದೂರ, ಹೊಳೆ ಹರಿದುಹೋಗುವ ಕಡೆಗೆ, ಹಳೆಯ ಮಂಟಪವೊಂದು ಮುಳುಗಿ, ಅದರ ಕಲ್ಲುಕಂಬಗಳು ನೀರೊಳಗೆ ನಿಂತಿದ್ದವು. ತಗುಲಿದರೆ ಹರಿಗೋಲಿನ ಚರ್ಮ ಹರಿದೇ ಹೋಗುವುದು.

ಒಂದು ಆಷಾಢದ ಮುಸ್ಸಂಜೆ ಹೊಳೆ ತುಂಬಿತ್ತು. ಜಿಟಿಜಿಟಿ ಮಳೆ. ಹರಿಗೋಲಿನಲ್ಲಿ ನಾನು, ಬಳೆ ಮಾರುವ ಹಜೀರಾ, ಅವಳ ಮಡಿಲಲ್ಲಿ ಕೂಸು. ನಡುಹೊಳೆಗೆ ಬಂದಾಗ ಎದುರಿಗೆ ಬೆಳಕು ಕಂಡಿತು.

“ನಮ್ಮಾಕೆ ಇವತ್ತು ಭಾರಿ ಬೆಂಕಿ ಹಾಕ್ಯಾಳೆ, ಮೇಷ್ಟ್ರೇ. ನಾಳೆ ಒಲೆಗೆ ಕಟ್ಟಿಗೆ ಇಲ್ಲ ಅಂತ ನನ್ನೇ ಬೈತಾಳೆ!” ಎಂದು ಓಬಳಪ್ಪ ನಕ್ಕು ಅತ್ತ ಹುಟ್ಟು ಹಾಕಿದನು.

ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಬದಲಾಯಿತು. ಹಜೀರಾ ಕೂಸನ್ನು ಅವಚಿಕೊಂಡಳು. “ಅಣ್ಣಾ, ಕಟ್ಟೆ ಹತ್ರ ನೀರು ಹಿಂಗೆ ಮೊರೆಯಲ್ಲ!”

ಅಷ್ಟರಲ್ಲಿ ಬೆಳಕು ಫಕ್ಕನೆ ಆರಿತು.

ಓಬಳಪ್ಪನ ಕೈ ನಿಂತಿತು. “ಬೆಂಕಿ ಹಂಗೆ ಒಮ್ಮೆಲೇ ಆರಲ್ಲ. ನಮ್ಮಾಕೆ ಆರಿಸೋಳೂ ಅಲ್ಲ. ಅದು ನಮ್ಮ ಬೆಂಕಿ ಅಲ್ರೀ!”

ಕಣ್ಣು ಕತ್ತಲೆಗೆ ಹೊಂದಿಕೊಂಡಾಗ, ಹೊಳೆಯ ಮೇಲುಗಡೆ ದೂರದಲ್ಲಿ, ಕಟ್ಟೆಯ ಮೇಲೆ, ಮಳೆಗೆ ಹೊಗೆಯಾಡುತ್ತಿದ್ದ ಸಣ್ಣ ಕೆಂಡದ ರಾಶಿ ಕಂಡಿತು. ಅವನು ಮೈಯ ಬಲವೆಲ್ಲ ಹಾಕಿ ಅತ್ತ ಹುಟ್ಟು ಎಳೆದನು. ಕಲ್ಲುಕಂಬವೊಂದು ನನ್ನ ಮೊಣಕೈಯ ಪಕ್ಕದಲ್ಲೇ ಹಿಂದೆ ಸರಿಯಿತು.

ದಡದಲ್ಲಿ ಕರಿಬಸಮ್ಮ ಏದುಸಿರು ಬಿಡುತ್ತಿದ್ದಳು. ಬಡಾವಣೆಯವರು ಅಂದೇ ಮೊದಲ ಬೀದಿದೀಪ ಹಾಕಿದ್ದರು, ಮಂಟಪದ ನೇರಕ್ಕೆ. ಹರಿಗೋಲು ಅತ್ತ ತಿರುಗಿದ್ದನ್ನು ಕಂಡು ಅವಳು ಓಡಿಹೋಗಿ, ಕಲ್ಲೆಸೆದು ಬಲ್ಬು ಒಡೆದಿದ್ದಳು.

ಮರುದಿನ ಬಡಾವಣೆಯ ಹಿರಿಯ ಮಹೇಶ್ವರಪ್ಪನವರು ಬಂದು ರೇಗಿದರು. “ಏನವ್ವ, ಊರಿಗೆ ಬಂದ ಬೆಳಕಿಗೆ ಕಲ್ಲು ಹೊಡಿತೀಯಾ?”

“ನಿಮ್ಮ ದೀಪ ನನ್ನ ಗಂಡನ್ನ ಮಂಟಪಕ್ಕೆ ಕರೀತಿತ್ತು ಕಣ್ರೀ. ಸುಮ್ನೆ ನೋಡಾಕೆ ಆಗ್ತೈತಾ?”

ಅವರು ದೀಪದ ಕಂಬದ ಬುಡಕ್ಕೆ ಹೋಗಿ, ಅಲ್ಲಿಂದ ಮಂಟಪದ ಕಡೆ ನೋಡಿ ಬಂದರು. ಹೊಸ ಬಲ್ಬು ಬಂತು. ಕಂಬದ ಸ್ವಿಚ್ಚು ಕರಿಬಸಮ್ಮನ ಪಾಲಿಗೆ ಬಂತು. ಹರಿಗೋಲು ದಡ ಸೇರಿದ ಮೇಲೆ ಅವಳು ಬೆಂಕಿ ಆರಿಸಿ, ಹೋಗಿ ದೀಪ ಹಾಕುವಳು.

ಎಂಬತ್ತರ ದಶಕದಲ್ಲಿ ಹರಿಗೋಲಿನ ಓಡಾಟ ನಿಂತಿತು. ಆಮೇಲೂ ಆಕೆ ಕತ್ತಲಾಗುವವರೆಗೆ ಹೊಳೆಯನ್ನು ದಿಟ್ಟಿಸಿ, ನೀರಿನ ಮೇಲೆ ಯಾರೂ ಇಲ್ಲವೆಂದು ನೋಡಿಕೊಳ್ಳದೆ ದೀಪ ಹಾಕಲಿಲ್ಲ. ಹೊಸದಾಗಿ ಮನೆ ಕಟ್ಟಿದವರು, ಈ ಬೀದಿಗೆ ದಿನಾ ದೀಪ ತಡವೆಂದು ಗೊಣಗುತ್ತಿದ್ದರು.