ಓರಗಿತ್ತಿಯ ಫ್ಯಾಮಿಲಿ ಪ್ಲಾನು

ಆ ವರ್ಷವನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಹೋಲ್ಡ್ ಮ್ಯೂಸಿಕ್ಕು. ಫೋನ್ ಕಂಪನಿಯವರು ನಮ್ಮನ್ನು ಕಾಯಿಸುವಾಗ ಹಾಕುವ ಪಿಯಾನೋ. ಒಂದೇ ತುಣುಕು, ಮುಗಿಯುವ ಮೊದಲೇ ಕತ್ತರಿಸಿ ಮತ್ತೆ ಶುರು. ನಡುನಡುವೆ ಒಬ್ಬಳು ಬಂದು, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋಗುತ್ತಿದ್ದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ, ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂರುತ್ತಿದ್ದೆ. ಕಾನ್ವೆಂಟಿನಲ್ಲಿ ನಮಗೆ ಪಿಯಾನೋ ಕಲಿಸುತ್ತಿದ್ದ ಸಿಸ್ಟರ್ ಅದನ್ನು ಕೇಳಿದ್ದರೆ, ನುಡಿಸಿದವರ ಬೆರಳ ಗೆಣ್ಣಿಗೆ ಫುಟ್‌ರೂಲರಿನಿಂದ ಒಂದು ಕೊಡುತ್ತಿದ್ದರು. ನನಗೆ ಮಾತ್ರ ಅದು ದಂಡಿನ ಮುಂದೆ ಬಾರಿಸುವ ಬ್ಯಾಂಡಿನ ಹಾಗಿತ್ತು. ಆಗ ನಾನು ನನ್ನ ಓರಗಿತ್ತಿಯ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೆ.

ಓರಗಿತ್ತಿ ಎಂದರೆ ನನ್ನ ಯಜಮಾನರ ತಮ್ಮನ ಹೆಂಡತಿ. ಅವಳ ಮನೆ ಕ್ಯಾಲಿಫೋರ್ನಿಯಾದ ಸಿರಿವಂತರ ಊರು ಲಾಸ್ ಆಲ್ಟೋಸಿನಲ್ಲಿ. ನಮ್ಮದು ಸನ್ನಿವೇಲಿನ ಅಪಾರ್ಟ್‌ಮೆಂಟು. ಮೊಬೈಲುಗಳು ಇನ್ನೂ ಮಡಚುವಂತಿದ್ದ ಕಾಲದಲ್ಲೇ ಅವಳು ಒಂದು ಫ್ಯಾಮಿಲಿ ಪ್ಲಾನು ಮಾಡಿಸಿದ್ದಳು. ಅಕೌಂಟು ಒಂದೇ, ಅದರ ಕೆಳಗೆ ಸಾಲಾಗಿ ಎಲ್ಲರ ನಂಬರುಗಳು. ಜನ ಸೇರಿದಷ್ಟೂ ತಲೆಗೆ ಬೀಳುವ ಖರ್ಚು ಕಡಿಮೆ. ಈ ಕಡೆ ನಮ್ಮವರೆಲ್ಲ ಮಾಡುವುದು ಹೀಗೆಯೇ. ಫ್ಯಾಮಿಲಿ ಎನ್ನಿಸಿಕೊಳ್ಳಲು ನೆಂಟಸ್ತಿಕೆಯೇ ಬೇಕೆಂದಿಲ್ಲ. ಅವಳ ಪ್ಲಾನಿನಲ್ಲಿ ನಾನು, ನಮ್ಮ ಯಜಮಾನರು, ನಮ್ಮ ಮಗಳು ಮಾತ್ರವಲ್ಲ, ಹಬ್ಬಕ್ಕೆ ಆರ್ಡರ್ ತೆಗೆದುಕೊಂಡು ಹೋಳಿಗೆ ಮಾಡಿಕೊಡುವ ಮಂಡ್ಯದ ಹೆಂಗಸೊಬ್ಬಳು, ಭಜನೆ ಗುಂಪಿನವರು, ಅವರ ಮಕ್ಕಳು ಎಲ್ಲ ಇದ್ದರು. ಆದರೆ ಅಕೌಂಟಿನ ಓನರ್ ಅವಳೊಬ್ಬಳೇ. ಯಾರು ಎಷ್ಟು ಡೇಟಾ ಬಳಸಿದರು, ಯಾರ ನಂಬರಿನಿಂದ ಯಾರಿಗೆ ಕಾಲ್ ಹೋಯಿತು ಎಲ್ಲವೂ ಅವಳ ಪರದೆಯ ಮೇಲೆ ಕಾಣುತ್ತಿತ್ತು.

ಯುಗಾದಿಗೆ ಅವಳ ಮನೆಯಲ್ಲಿ ಊಟ. ಎಲೆಯ ಮುಂದೆ ಎಲ್ಲರೂ ಕುಳಿತ ಮೇಲೆ ಪಾಯಸದ ಸೌಟು ಹಿಡಿದು ಬಂದು ಶುರುಮಾಡುವಳು.

"ಅಕ್ಕಾ, ಈ ತಿಂಗಳು ಡೇಟಾದಲ್ಲಿ ನೀವೇ ಫಸ್ಟ್! ಯಾವ ಸೀರಿಯಲ್ಲು? ನಮಗೂ ಹೇಳಿ."

ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ದಾರಿಯಲ್ಲಿ ಕಾರಿನಲ್ಲಿ ನಾನು ಬುಸುಗುಟ್ಟಿದರೆ ನಮ್ಮ ಯಜಮಾನರು, "ಹೋಗ್ಲಿ ಬಿಡೇ, ಅವಳ ಮನೆ ಪಾಯಸ ಚೆನ್ನಾಗಿತ್ತು" ಎನ್ನುವರು. ಅವರದು ಯಾರನ್ನೂ ದ್ವೇಷಿಸಲಾರದ ಸ್ವಭಾವ. ಆ ಕೆಲಸವೂ ನನ್ನ ಪಾಲಿಗೇ ಬಂತು.

ಯಜಮಾನರು ತೀರಿಹೋದ ಮೇಲೆ ಅವರ ಫೋನನ್ನು ನಾನು ಆರಿಸಲಿಲ್ಲ. ಮೈಕ್ರೋವೇವಿನ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗಿಟ್ಟೆ. ಅದಕ್ಕೆ ಆಗೀಗ ಕಾಲ್ ಬರುತ್ತಿತ್ತು. ಫಾರ್ಮಸಿಯಿಂದ, ಕಾರ್ ಸರ್ವಿಸಿನವರಿಂದ, ಸಾವಿನ ಸುದ್ದಿ ಮುಟ್ಟದ ಹಳೆಯ ಸಹೋದ್ಯೋಗಿಗಳಿಂದ. ಎಲ್ಲರೂ ಮೊದಲು ಕೇಳುತ್ತಿದ್ದುದು ಅವರನ್ನೇ. "ಇಸ್ ಹೀ ದೇರ್?" ಎಂದರೆ ನಾನು, "ಹೀ ಹ್ಯಾಸ್ ಸ್ಟೆಪ್ಡ್ ಔಟ್" ಎನ್ನುತ್ತಿದ್ದೆ. ಅಷ್ಟು ಹೇಳುವ ಹೊತ್ತು ಅವರು ನಿಜವಾಗಿಯೂ ಇಲ್ಲೇ ಎಲ್ಲೋ, ಹಾಲು ತರಲು ಹೋದ ಹಾಗಿರುತ್ತಿತ್ತು. ಇದನ್ನು ನಾನು ಮಗಳಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ನೋಡುತ್ತೇನೆ, ಆ ಫೋನಿನ ತಲೆಯ ಮೇಲೆ "ನೋ ಸರ್ವಿಸ್" ಎಂದಿದೆ. ಸಿಮ್ ತೆಗೆದು ಒರೆಸಿ ಹಾಕಿದೆ. ಆಗಲಿಲ್ಲ. ನನ್ನ ಫೋನಿನಿಂದ ಅವರ ನಂಬರಿಗೆ ಮಾಡಿದೆ. ರಿಂಗಾಯಿತು! ಆ ಕಡೆಯಿಂದ ಒಬ್ಬ ಹುಡುಗಿ "ಹಲೋ?" ಎಂದಳು.

ಓರಗಿತ್ತಿಗೆ ಫೋನು ಮಾಡಿದೆ.

"ಅಯ್ಯೋ ಹೌದಕ್ಕಾ, ಹೇಳೋಣ ಅಂತಿದ್ದೆ. ನನ್ ತಂಗಿ ಮಗಳು ಬಂದಿದಾಳಲ್ಲ ಕೆಲಸಕ್ಕೆ? ಅವಳಿಗೊಂದು ಲೈನ್ ಬೇಕಿತ್ತು. ಭಾವನವರದ್ದು ಸುಮ್ನೆ ವೇಸ್ಟ್ ಆಗ್ತಿತ್ತಲ್ವಾ?"

"ಒಂದು ಮಾತು ಕೇಳ್ಬೋದಿತ್ತು ನೀನು."

"ಕೇಳೋಕೇನಿದೆ ಅಕ್ಕಾ ಅದ್ರಲ್ಲಿ? ಹೋದೋರಿಗೇನು ಕಾಲ್ ಬರುತ್ತಾ?" ಎಂದು ನಕ್ಕಳು.

ನಾನು ಫೋನು ಇಟ್ಟೆ. ಆ ನಗುವಿನ ಬೆಲೆಯನ್ನು ಅವಳಿಂದ ವಸೂಲು ಮಾಡದೆ ಬಿಡುವುದಿಲ್ಲ ಎಂದು ಅಲ್ಲೇ, ಒಲೆಯ ಮುಂದೆ ನಿಂತು, ನಿರ್ಧರಿಸಿದೆ.

ಮಗಳು ರೆಡ್‌ವುಡ್ ಸಿಟಿಯಲ್ಲಿ ಕೆಲಸದಲ್ಲಿರುವವಳು. "ಅಮ್ಮಾ, ಲೆಟ್ ಇಟ್ ಗೋ. ಇಟ್ಸ್ ಜಸ್ಟ್ ಎ ನಂಬರ್" ಎಂದಳು. ನಾನು ಬಿಡಲಿಲ್ಲ.

ಮೊದಲು ಕೈ ಪಳಗಿಸಿಕೊಂಡದ್ದು ನಮ್ಮ ಮನೆಯ ಇಂಟರ್ನೆಟ್ಟಿನ ಮೇಲೆ. ಬಿಟ್ಟುಹೋಗುತ್ತೇನೆ ಎಂದರೆ ಸಾಕು, ಕಂಪನಿಯವರು ನಮ್ಮನ್ನು ಓಲೈಸುವುದಕ್ಕೆಂದೇ ಇಟ್ಟಿರುವ ಬೇರೆ ವಿಭಾಗಕ್ಕೆ ದಾಟಿಸುತ್ತಾರೆ. ಅಲ್ಲಿನವರು ಬೀಳ್ಕೊಡಲೊಲ್ಲದ ನೆಂಟರ ಹಾಗೆ ಕೈ ಹಿಡಿದು ಎಳೆಯುತ್ತಾರೆ: ಇನ್ನಷ್ಟು ಸ್ಪೀಡ್ ಕೊಡೋಣ ಮ್ಯಾಮ್, ಹೊಸ ಮೋಡೆಮ್ ಕಳಿಸೋಣ ಮ್ಯಾಮ್. ಸಿಸ್ಟರ್ ಕಲಿಸಿದ ಇಂಗ್ಲಿಷಿನಲ್ಲಿ "ಐ ಆಮ್ ಅಫ್ರೇಡ್ ನಾಟ್" ಎನ್ನುವುದರಲ್ಲಿ ಎಂಥ ಸುಖವಿದೆ ಎಂದು ನನಗೆ ಆ ವಯಸ್ಸಿನಲ್ಲಿ ತಿಳಿಯಿತು. ಆಮೇಲೆ ಕರೆಂಟು. ಇಲ್ಲಿ ತಂತಿ ದೊಡ್ಡ ಕಂಪನಿಯದೇ ಆದರೂ, ಅದರಲ್ಲಿ ಹರಿಯುವ ಕರೆಂಟನ್ನು ಊರಿನವರೇ ನಡೆಸುವ ಸಂಸ್ಥೆಯಿಂದ ಕೊಳ್ಳಬಹುದು, ಬೇಡವೆಂದರೆ ಬಿಡಬಹುದು. ಬಿಲ್ಲಿನ ಹಿಂದಿನ ಸಣ್ಣ ಅಕ್ಷರಗಳನ್ನೆಲ್ಲ ಓದಿ, ಸಂಜೆ ಕರೆಂಟು ದುಬಾರಿಯಾಗುವ ಯಾವ ಹೊತ್ತಿಗೆ ವಾಷಿಂಗ್ ಮೆಷಿನ್ ಹಾಕಬಾರದು ಎಂಬುದನ್ನೂ ಸೇರಿಸಿ, ಭಜನೆಯ ಹೆಂಗಸರಿಗೆ ಪಾಠ ಮಾಡಿದೆ. ಅವರು ನನ್ನನ್ನು ನಂಬತೊಡಗಿದರು. ನನಗೆ ಬೇಕಿದ್ದದ್ದು ಅದೇ. ಒಂದು ದಿನ ಮಂಗಳಾರತಿ ಮುಗಿದ ಮೇಲೆ ಮೆಲ್ಲನೆ ಕೇಳಿದೆ, "ಮೊಬೈಲಿಗೂ ನಾವೇ ಬೇರೆ ಪ್ಲಾನು ಮಾಡ್ಕೊಂಡ್ರೆ ಹೇಗೆ?"

ಎಲ್ಲರಿಗೂ ಆಸೆ. ಆದರೆ ಒಂದು ತೊಡಕಿತ್ತು. ನಂಬರನ್ನು ಬೇರೆ ಕಂಪನಿಗೆ ಒಯ್ಯಬೇಕಾದರೆ ಟ್ರಾನ್ಸ್‌ಫರ್ ಪಿನ್ ಎಂಬ ಒಂದು ಗುಟ್ಟಿನ ಸಂಖ್ಯೆ ಬೇಕು. ಅದನ್ನು ತೆಗೆಯಬಲ್ಲವಳು ಅಕೌಂಟಿನ ಓನರ್ ಮಾತ್ರ. ಬಿಟ್ಟುಹೋಗುವುದಕ್ಕೂ ಅವಳನ್ನೇ ಬೇಡಬೇಕು! ಸಂಕೋಚಕ್ಕೆ ಬಿದ್ದ ಹೋಳಿಗೆಯ ಹೆಂಗಸು ನನ್ನನ್ನೂ ಕೇಳದೆ ಸುಲಭದ ದಾರಿ ಹಿಡಿದಳು. ಕಂಪನಿಗೆ ತಾನೇ ಫೋನು ಮಾಡಿ, ತಾನೇ ಓರಗಿತ್ತಿ ಎಂಬಂತೆ ಅವಳ ಹೆಸರು ಹೇಳಿ, ಲೈನನ್ನು ಕ್ಯಾನ್ಸಲ್ ಮಾಡಿಸಿಬಿಟ್ಟಳು. ಕ್ಯಾನ್ಸಲ್ ಆದ ನಂಬರನ್ನು ಯಾವ ಕಂಪನಿಯೂ ಮರಳಿ ಕೊಡಲಿಲ್ಲ. ಗೌರಿಹಬ್ಬದ ಆರ್ಡರುಗಳೆಲ್ಲ ಗಾಳಿಗೆ ಹೋದವು. ನನ್ನ ಮನೆಯ ಸೋಫಾದ ಮೇಲೆ ಕೂತು ಅತ್ತಳು.

"ಅವ್ರ ಹತ್ರ ಕೇಳೋಕೆ ಆಗ್ಲಿಲ್ಲ ಕಣಮ್ಮ. 'ಯಾಕ್ರೀ, ನಮ್ ಪ್ಲಾನು ಚುಚ್ತಾ?' ಅಂದ್ರೆ ನಾನೇನು ಹೇಳ್ಲಿ?"

ಅವಳು ಹೇಳಿದ್ದು ಸರಿ. ಕನ್ನಡದಲ್ಲಿ ಕೇಳಿದರೆ ಓರಗಿತ್ತಿ ಕಾಫಿ ಕೊಡುತ್ತಾಳೆ, ಕುಂಕುಮ ಕೊಡುತ್ತಾಳೆ, ಹಳೆಯ ಉಪಕಾರ ನೆನಪಿಸುತ್ತಾಳೆ, ಕೇಳಿದವರು ಕರಗಿ ವಾಪಸು ಬರುತ್ತಾರೆ. ಆದ್ದರಿಂದ ನಾನು ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಬರೆದುಕೊಟ್ಟೆ. ಕಾನ್ವೆಂಟಿನ ಲೆಟರ್ ರೈಟಿಂಗ್ ಕ್ಲಾಸಿನ ಭಾಷೆ. ದಯವಿಟ್ಟು ನಿಮ್ಮ ಅನುಕೂಲದಲ್ಲಿ ಆದಷ್ಟು ಬೇಗ ಟ್ರಾನ್ಸ್‌ಫರ್ ಪಿನ್ ಕಳಿಸಿ, ಇಷ್ಟು ವರ್ಷದ ಸೌಜನ್ಯಕ್ಕೆ ವಂದನೆಗಳು ಎಂಬಂಥದ್ದು. ಪ್ಲಾನಿನವರೆಲ್ಲ ನೋಡುವ ವಾಟ್ಸಾಪ್ ಫ್ಯಾಮಿಲಿ ಗ್ರೂಪಿನಲ್ಲೇ ಹಾಕಿ ಎಂದೆ. ಅಂಥ ಇಂಗ್ಲಿಷಿಗೆ ಕುಂಕುಮ ಹಚ್ಚಲು ಬರುವುದಿಲ್ಲ. ಮೊದಲು ನಾನು ಹಾಕಿದೆ, ಆಮೇಲೆ ಮಗಳು, ಆಮೇಲೆ ಭಜನೆಯವರು ಒಬ್ಬೊಬ್ಬರಾಗಿ. ಓರಗಿತ್ತಿ ಎಲ್ಲರ ಎದುರು ಇಲ್ಲವೆನ್ನಲಾರದೆ ಪಿನ್ನುಗಳನ್ನು ಕಳಿಸಿದಳು. ಪ್ರತಿ ಪಿನ್ನು ಬಂದಾಗಲೂ ನಾನು ಒಂದು ಲೋಟ ಫಿಲ್ಟರ್ ಕಾಫಿ ಮಾಡಿಕೊಂಡು ಕುಡಿದೆ. ಹೊಸ ಪ್ಲಾನಿನ ಓನರ್ ನಾನು. ಯಾರ ಡೇಟಾವನ್ನೂ ನಾನು ನೋಡುವುದಿಲ್ಲ ಎಂದು ಮೊದಲ ದಿನವೇ ಸಾರಿದೆ, ಅವಳಿಗೆ ಸುದ್ದಿ ಮುಟ್ಟಲಿ ಎಂದೇ.

ಉಳಿದದ್ದು ನಮ್ಮ ಯಜಮಾನರ ನಂಬರು. ಅದಕ್ಕೆ ನಾನು ಏನೂ ಮಾಡಬೇಕಾಗಲಿಲ್ಲ. ಓರಗಿತ್ತಿಯ ತಂಗಿಯ ಮಗಳೇ ನನ್ನ ಬಾಗಿಲಿಗೆ ಬಂದಳು.

"ಆಂಟಿ, ನಂಗೆ ನಿಮ್ ಪ್ಲಾನಲ್ಲಿ ಹೊಸ ನಂಬರ್ ಕೊಡಿ ಪ್ಲೀಸ್. ದೊಡ್ಡಮ್ಮ ನಾನು ಯಾರಿಗೆ ಕಾಲ್ ಮಾಡ್ದೆ ಅಂತೆಲ್ಲಾ ನೋಡ್ತಾರೆ. ಅದೂ ಅಲ್ದೆ, ಯಾರ್ಯಾರೋ ಅಂಕಲ್‌ಗಳು ಫೋನ್ ಮಾಡಿ, 'ಅವರಿದಾರಾ?' ಅಂತ ಕೇಳ್ತಾನೇ ಇರ್ತಾರೆ. ನಂಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ."

"ಏನು ಹೇಳ್ತಿದ್ದೆ?"

"ರಾಂಗ್ ನಂಬರ್ ಅಂತ."

ನಾನು ಆ ಮಗುವನ್ನು ಬೈಯಲಿಲ್ಲ. ಹೊಸ ನಂಬರು ಕೊಟ್ಟೆ. ಓರಗಿತ್ತಿಗೆ ಇದು ತಿಳಿದ ದಿನವೇ ಫೋನು ಬಂತು. ದನಿಯಲ್ಲಿ ನಗುವಿರಲಿಲ್ಲ.

"ನನ್ ತಂಗಿ ಮಗಳನ್ನೂ ಬಿಡ್ಲಿಲ್ಲವಾ ಅಕ್ಕಾ? ಸರಿ. ಭಾವನವರ ಲೈನ್ ಈಗ ಯಾರಿಗೂ ಬೇಡವಲ್ಲ, ಸೋಮವಾರ ಕ್ಯಾನ್ಸಲ್ ಮಾಡ್ತೀನಿ."

ನನಗೆ ಸೋಫಾದ ಮೇಲೆ ಅತ್ತ ಹೋಳಿಗೆಯವಳ ಮುಖ ಕಣ್ಣಮುಂದೆ ಬಂತು. "ಪಿನ್ ಕೊಡು," ಎಂದೆ.

"ಫೋನಲ್ಲಿ ಬೇಡ. ಶನಿವಾರ ಲಿವರ್‌ಮೋರ್ ದೇವಸ್ಥಾನಕ್ಕೆ ಬನ್ನಿ. ನಿಮ್ಮ ಇಂಗ್ಲಿಷೂ ಬೇಡ. ಎದುರಿಗೆ ನಿಂತು ಬಾಯ್ತುಂಬ ಕೇಳಿ, ಕೊಡ್ತೀನಿ."

ಮಗಳು ಕಾರು ಓಡಿಸಿದಳು. ಹೊಸ ಸಿಮ್ ಹಾಕಿದ ಅವರ ಹಳೆಯ ಫೋನು ನನ್ನ ಪರ್ಸಿನಲ್ಲಿತ್ತು. ಪ್ರಸಾದದ ಸಾಲಿನಲ್ಲಿ ಓರಗಿತ್ತಿ ನನಗಾಗಿ ಕಾದು ನಿಂತಿದ್ದಳು. ಸುತ್ತ ಭಜನೆಯವರೆಲ್ಲ ಇದ್ದರು. ದಿನವನ್ನು ಸುಮ್ಮನೆ ಆರಿಸಿರಲಿಲ್ಲ ಅವಳು. ನನ್ನ ಕೈಯಲ್ಲಿ ಪುಳಿಯೋಗರೆಯ ದೊನ್ನೆ.

"ಕೊಡಮ್ಮ," ಎಂದೆ. "ಅವರ ನಂಬರ್ ಅದು. ನನಗೆ ಬೇಕು. ದಯವಿಟ್ಟು ಕೊಡು."

ಅವಳು ಎಲ್ಲರನ್ನೂ ಒಮ್ಮೆ ನೋಡಿ, ತನ್ನ ಫೋನು ತೆರೆದು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದಳು. ಮಗಳು ಅವನ್ನು ಅಲ್ಲೇ ನಮ್ಮ ಹೊಸ ಕಂಪನಿಯ ಆ್ಯಪಿನಲ್ಲಿ ಒತ್ತಿದಳು. ನಾವು ಪಾರ್ಕಿಂಗಿಗೆ ಇಳಿಯುವಷ್ಟರಲ್ಲಿ ಪರ್ಸಿನೊಳಗಿನ ಫೋನು ಒಮ್ಮೆ ನಡುಗಿತು. ತೆಗೆದು ನೋಡಿದರೆ ಸಿಗ್ನಲ್ಲಿನ ಕಡ್ಡಿಗಳೆಲ್ಲ ನಿಂತಿದ್ದವು.

ಓರಗಿತ್ತಿ ಹಿಂದೆಯೇ ಬಂದಳು. ಗುಡ್ಡದ ಗಾಳಿಗೆ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅವಳ ಪ್ಲಾನಿನಲ್ಲಿ ಈಗ ಅವಳೂ ಅವಳ ಗಂಡನೂ ಇಬ್ಬರೇ.

"ಅಕ್ಕಾ," ಎಂದಳು. ಅರ್ಧ ನಗು, ಅರ್ಧ ಅಲ್ಲ. "ನಮ್ಮಿಬ್ರನ್ನೂ ನಿಮ್ ಪ್ಲಾನಿಗೆ ಸೇರಿಸ್ಕೊಳ್ತೀರಾ? ನಮ್ ಮನೆಗೆ ಈಗ ಯಾರೂ ಫೋನೂ ಮಾಡಲ್ಲ, ಬರೋದೂ ಇಲ್ಲ."

ಅವಳ ಮೂಗಿನ ತುದಿ ಕೆಂಪಾಗಿತ್ತು. ಗಾಳಿಯಿಂದಲೂ ಇರಬಹುದು. ಮಗಳು ನನ್ನ ಮೊಣಕೈ ಮುಟ್ಟಿದಳು. ಪ್ಲಾನಿನಲ್ಲಿ ಜಾಗವಿತ್ತು.

"ಜಾಗ ಇಲ್ಲ ಕಣಮ್ಮ," ಎಂದೆ.

ತಲೆಯಾಡಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಕಾರು ಎಲ್ಲಿದೆಯೆಂದು ಸಾಲುಸಾಲಾಗಿ ಹುಡುಕುತ್ತ, ಕೀಲಿಯ ಗುಂಡಿಯನ್ನು ಒತ್ತುತ್ತ ಒತ್ತುತ್ತ ಇಳಿದುಹೋದಳು. ಚಳಿಗಾಲಕ್ಕೆ ಮೊದಲೇ ಗಂಡಹೆಂಡತಿ ಮನೆ ಮಾರಿ ಮಗನಿದ್ದ ಟೆಕ್ಸಾಸಿಗೆ ಹೋದರು. ಅಲ್ಲಿಗೆ ಹೋದ ಮೇಲೆ ಅವಳಿಗೆ ಹುಷಾರಿಲ್ಲದಾಯಿತು, ಅಲ್ಲಿಯೇ ತೀರಿಕೊಂಡಳು. ನಾನು ಅವಳನ್ನು ಕೊನೆಯ ಬಾರಿ ನೋಡಿದ್ದು ಆ ಪಾರ್ಕಿಂಗಿನಲ್ಲಿ, ಬೆನ್ನ ಕಡೆಯಿಂದ.